ರವಿವಾರ ಎಲ್ಲಿ ಹೋಯಿತು?
ಚಿಕ್ಕ ಪ್ರವಾಸ ಮತ್ತು ದಿನಚರಿಯ ಬಗ್ಗೆ ನಾಲ್ಕು ಮಾತು

ಸೋಮವಾರ ಬೆಳಿಗ್ಗೆ ಕಾಲೇಜಿನ ಕಟ್ಟೆಯ ಮೇಲೆ ನಡೆಯುವ ಮಾತು ನಿಮಗೆಲ್ಲ ಗೊತ್ತು.

"ನಿನ್ನೆ ಎಲ್ಲಿ ಹೋಗಿದ್ದಿ?"

"ಉಣಕಲ್ ಕೆರಿಗೆ."

"ಏನ್ ನೋಡಿದಿ?"

"ಏನಿಲ್ಲಪಾ, ಮಸ್ತ್ ಇತ್ತು."

ಮಾತು ಅಲ್ಲಿಗೆ ಮುಗಿಯುತ್ತದೆ. ಇಡೀ ಒಂದು ಸಂಜೆ, ನೀರಿನ ಮೇಲಿನ ಗಾಳಿ, ದಂಡೆಯ ಮೇಲೆ ತಿಂದ ಗಿರ್ಮಿಟ್ಟು, ಎಲ್ಲವೂ 'ಮಸ್ತ್' ಎಂಬ ಒಂದೇ ಶಬ್ದದಲ್ಲಿ ಮುಳುಗಿ ಹೋಗುತ್ತವೆ. ಒಂದು ತಿಂಗಳು ಕಳೆಯಲಿ, ಆ ರವಿವಾರ ಯಾವುದೆಂದು ನಿಮಗೇ ನೆನಪಿರುವುದಿಲ್ಲ. ಹಾಗಾದರೆ ಅದು ಎಲ್ಲಿ ಹೋಯಿತು?

ಮರೆವಿನ ಲೆಕ್ಕ

ಈ ಪ್ರಶ್ನೆಯನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಪರೀಕ್ಷಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ಬಾಯಿಪಾಠ ಮಾಡುವುದು, ಸ್ವಲ್ಪ ಕಾಲ ಬಿಟ್ಟು ಎಷ್ಟು ಉಳಿದಿದೆ ಎಂದು ಅಳೆಯುವುದು, ಇಷ್ಟೇ ಅವನ ಕೆಲಸ. 1885ರಲ್ಲಿ ಅವನು ಪ್ರಕಟಿಸಿದ ಫಲಿತಾಂಶ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಅಳಿಸಿಹೋಗಿತ್ತು. ಒಂದು ದಿನ ಕಳೆಯುವಷ್ಟರಲ್ಲಿ ಉಳಿದದ್ದು ಸುಮಾರು ಮೂರನೇ ಒಂದು ಪಾಲು. ಆಮೇಲೆ ಮರೆವಿನ ವೇಗ ಕಡಿಮೆಯಾಗುತ್ತದೆ.

ನಮ್ಮ ಅನುಭವಗಳು ಅರ್ಥವಿಲ್ಲದ ಅಕ್ಷರಗಳಲ್ಲ, ನಿಜ. ಅವು ಇನ್ನಷ್ಟು ದಿನ ಉಳಿಯುತ್ತವೆ. ಆದರೂ ಪಾಠ ಒಂದೇ: ಹೆಚ್ಚಿನ ನಷ್ಟವಾಗುವುದು ಮೊದಲ ದಿನ. ಆದ್ದರಿಂದ ದಿನಚರಿಯನ್ನು ಅದೇ ರಾತ್ರಿ ಬರೆಯಬೇಕು. 'ನಾಳೆ ಬರೆದರಾಯಿತು' ಎಂದವನು ಬರೆಯುವುದು ತನ್ನ ಊಹೆಯನ್ನು.

"ಫೋಟೋ ಇದೆಯಲ್ಲ?" ಎಂದು ನೀವು ಕೇಳಬಹುದು. ಚಿತ್ರಗಳ ನಡುವೆಯೇ ಕೆಲಸ ಮಾಡುವ ನನ್ನ ಉತ್ತರ ಕೇಳಿ. ನಾವು ಚಿತ್ರೀಕರಣಕ್ಕೆ ಹೋದಾಗ ಕ್ಯಾಮೆರಾ ಎಷ್ಟು ಮುಖ್ಯವೋ ಲಾಗ್ ಶೀಟ್ ಅಷ್ಟೇ ಮುಖ್ಯ. ಯಾವ ಊರು, ಎಷ್ಟು ಹೊತ್ತಿಗೆ, ಚಿತ್ರದಲ್ಲಿರುವವರು ಯಾರು ಎಂದು ಪ್ರತಿ ಶಾಟಿಗೂ ಬರೆದಿಡುತ್ತೇವೆ. ಆ ಹಾಳೆ ಕಳೆದರೆ ಒಳ್ಳೆಯ ಚಿತ್ರವೂ ಹೆಸರಿಲ್ಲದ ಕೂಸಿನಂತೆ. ಚಿತ್ರ ಕಂಡದ್ದನ್ನು ತೋರಿಸುತ್ತದೆ. ಯಾಕೆ, ಯಾರು, ಆಮೇಲೇನಾಯಿತು ಎಂಬುದನ್ನು ಹೇಳುವುದಿಲ್ಲ.

ನಾನು ಕಳೆದುಕೊಂಡದ್ದು

ಇಷ್ಟು ಬುದ್ಧಿ ಹೇಳುವ ನಾನೇ ಒಮ್ಮೆ ಎಡವಿದ್ದೇನೆ. ಕೆಲವು ವರ್ಷಗಳ ಹಿಂದೆ ಮಳೆಯ ಬಗ್ಗೆ ಒಂದು ಕಾರ್ಯಕ್ರಮಕ್ಕಾಗಿ ನವಲಗುಂದ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆವು. ಕೆಲಸ ಮುಗಿದು, ಕ್ಯಾಮೆರಾದ ಬ್ಯಾಟರಿಯೂ ಮುಗಿದ ಮೇಲೆ, ಆ ಮನೆಯ ಹಿರಿಯ ಆಯಿ ನಮಗೆ ಚಹಾ ಕೊಟ್ಟು ಮಾತಿಗೆ ಕುಳಿತರು. ರೋಹಿಣಿ, ಮಿರಗ, ಆರಿದ್ರಾದಿಂದ ಹಿಡಿದು ಸ್ವಾತಿಯವರೆಗೆ ಒಂದೊಂದು ಮಳೆಗೂ ಒಂದೊಂದು ಗಾದೆ, ಒಂದೊಂದು ಬೆಳೆಯ ಲೆಕ್ಕ, ತಮ್ಮ ಹೊಲದ ಒಂದೊಂದು ಕಥೆ ಹೇಳುತ್ತ ಹೋದರು. ನಡುವೆ ನನ್ನ ಖಾಲಿ ಕೈ ನೋಡಿ, "ಬರಕೋ ತಮ್ಮಾ, ಇಲ್ಲಾಂದ್ರ ಮರೀತಿ" ಎಂದರು. "ಇರಲಿ ಆಯಿ, ಮುಂದಿನ ವಾರ ಮತ್ತ ಬರ್ತೀವಿ" ಎಂದೆ.

ಮುಂದಿನ ವಾರ ಬೇರೆ ಕೆಲಸ ಬಂತು. ಆಮೇಲೆ ಹೋದಾಗ ಆಯಿ ಇರಲಿಲ್ಲ. ಮನೆಯವರಿಗೆ ಒಂದೆರಡು ಗಾದೆ ಗೊತ್ತಿದ್ದವು, ಅಷ್ಟೇ. ಆ ಸಂಜೆ ಕೇಳಿದ್ದರಲ್ಲಿ ನನಗೀಗ ನೆನಪಿರುವುದು ಚಹಾದಲ್ಲಿದ್ದ ಯಾಲಕ್ಕಿಯ ವಾಸನೆ ಮತ್ತು ಆ ಒಂದು ಎಚ್ಚರಿಕೆಯ ಮಾತು.

ದೊಡ್ಡವರೂ ಹೀಗೆ ಎಡವಿದ್ದುಂಟು. 1835ರಲ್ಲಿ ಗಲಾಪಗೋಸ್ ದ್ವೀಪಗಳಿಗೆ ಹೋಗಿದ್ದ ಚಾರ್ಲ್ಸ್ ಡಾರ್ವಿನ್, ತಾನು ಸಂಗ್ರಹಿಸಿದ ಫಿಂಚ್ ಹಕ್ಕಿಗಳು ಯಾವ ಯಾವ ದ್ವೀಪದವು ಎಂದು ಸರಿಯಾಗಿ ಗುರುತು ಹಾಕಿರಲಿಲ್ಲ. ಅವು ಬೇರೆ ಬೇರೆ ಜಾತಿಯವೆಂದು ಲಂಡನ್ನಿನಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ 1837ರಲ್ಲಿ ತಿಳಿಸಿದಾಗ, ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತಿತರರು ಜಾಗದ ಹೆಸರು ಬರೆದಿಟ್ಟಿದ್ದ ಹಕ್ಕಿಗಳ ಮೊರೆಹೋಗಬೇಕಾಯಿತು. ಅಷ್ಟು ದೊಡ್ಡ ವಿಜ್ಞಾನಿಗೂ ಆಸರೆಯಾದದ್ದು ಪಕ್ಕದವರು ಬರೆದಿಟ್ಟ ಚೀಟಿ!

ಏನು ಬರೆಯಬೇಕು?

"ಇಂದು ತುಂಬ ಸಂತೋಷವಾಯಿತು" ಎಂದು ಬರೆದರೆ ಐದು ವರ್ಷದ ಮೇಲೆ ಓದಿದಾಗ ಅದು ಏನನ್ನೂ ಹೇಳುವುದಿಲ್ಲ. ನಮ್ಮ ಶಾಸನಗಳನ್ನು ನೋಡಿ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಯಾರು, ಯಾರಿಗೆ, ಏನನ್ನು, ಎಷ್ಟು ಕೊಟ್ಟರು ಎಂಬ ವಿವರ ಅವುಗಳಲ್ಲಿರುತ್ತದೆ. ಅದಕ್ಕೇ ಸಾವಿರ ವರ್ಷಗಳ ನಂತರವೂ ಅವು ನಮ್ಮೊಡನೆ ಮಾತಾಡುತ್ತವೆ. ನಿಮ್ಮ ನೋಟ್‌ಬುಕ್ಕಿಗೂ ಇದೇ ಮಾದರಿ ಸಾಕು: ದಿನಾಂಕ ಮತ್ತು ಹೊತ್ತು, ಜಾಗ, ಜೊತೆಗಿದ್ದವರು, ಕಂಡದ್ದು, ಕೇಳಿದ್ದು, ಒಂದು ಅಳತೆ, ಒಂದು ಪ್ರಶ್ನೆ. ಕೇಳಿದ ಮಾತನ್ನು ಆಡಿದವರ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ಕಂಡದ್ದು ಬೇರೆ, ಊಹಿಸಿದ್ದು ಬೇರೆ; ಊಹೆಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಹತ್ತಿರದ ಮೂರು ಪ್ರವಾಸಗಳು

ದಿನಚರಿಗಾಗಿ ದೂರ ಹೋಗಬೇಕಿಲ್ಲ. ಮೊದಲ ಪ್ರವಾಸ ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೇ ಇರಲಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್. ಆಗ ಅದು ಜಗತ್ತಿನಲ್ಲೇ ಅತಿ ಉದ್ದದ್ದೆಂದು ಸುದ್ದಿಯಾಯಿತು. ಮೊದಲು ನಿಮ್ಮ ಶಾಲೆಯ ಮೈದಾನದಲ್ಲಿ 100 ಮೀಟರ್ ನಡೆದು ಹೆಜ್ಜೆ ಎಣಿಸಿ. ಒಂದು ಹೆಜ್ಜೆ 70 ಸೆಂಟಿಮೀಟರ್ ಆದರೆ ಪ್ಲಾಟ್‌ಫಾರ್ಮಿಗೆ ಸುಮಾರು 2,150 ಹೆಜ್ಜೆ ಬೇಕು. ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು, ಜನರಿಗೆ ಅಡ್ಡಿಯಾಗದಂತೆ, ಅಂಚಿನಿಂದ ದೂರವಿದ್ದು ನಡೆದು ನೋಡಿ. ಲೆಕ್ಕ ತಪ್ಪಿದರೆ ಯಾಕೆ ತಪ್ಪಿತು ಎಂದೂ ಬರೆಯಿರಿ. ಇನ್ನು ಮುಂದೆ ಯಾವ ಕೆರೆಯ ಏರಿಗೆ ಹೋದರೂ ನಿಮ್ಮ ಕಾಲೇ ಅಳತೆಪಟ್ಟಿ.

ಎರಡನೆಯದು ಲಕ್ಕುಂಡಿ, ಗದಗಿನಿಂದ 12 ಕಿ.ಮೀ. ಅಲ್ಲಿನ ಬ್ರಹ್ಮಜಿನಾಲಯವನ್ನು ಅತ್ತಿಮಬ್ಬೆ ಕಟ್ಟಿಸಿದಳೆಂದು ನಮಗೆ ತಿಳಿದದ್ದು 1007ರ ಶಾಸನದಿಂದ. ಕವಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳೆಂದು ಪ್ರಸಿದ್ಧಳಾದವಳೂ ಈಕೆಯೇ. ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಪ್ರತಿಯೊಂದನ್ನೂ ಕೈಯಿಂದ ಬರೆಸಬೇಕಿತ್ತು! ಬರೆದರಷ್ಟೇ ಸಾಲದು, ಉಳಿಸಬೇಕು ಎಂಬುದನ್ನು ಆಕೆ ಅರಿತಿದ್ದಳು. ಅಲ್ಲಿಗೆ ಹೋದಾಗ ಒಂದು ಕಂಬವನ್ನು ಆರಿಸಿಕೊಂಡು ಹತ್ತು ನಿಮಿಷ ಕುಳಿತು ಚಿತ್ರ ಬರೆಯಿರಿ. ಚಿತ್ರ ಚೆನ್ನಾಗಿರಬೇಕಿಲ್ಲ, ಬರೆಯುವಾಗ ಕಣ್ಣು ನೋಡುವಷ್ಟು ಬರೀ ನಿಂತಾಗ ನೋಡುವುದಿಲ್ಲ.

ಮೂರನೆಯದು ಚಳಿಗಾಲಕ್ಕೆ: ಗದಗ ಜಿಲ್ಲೆಯ ಮಾಗಡಿ ಕೆರೆ. ಮಧ್ಯ ಏಷ್ಯಾದ ಎತ್ತರದ ನಾಡುಗಳಲ್ಲಿ ಮರಿ ಮಾಡುವ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಗುಂಪಿನಲ್ಲಿ ಹತ್ತು ಹಕ್ಕಿ ಎಣಿಸಿ. ಅಷ್ಟು ಹಕ್ಕಿ ಹಿಡಿಸುವ ಜಾಗದಂಥವು ಎಷ್ಟಿವೆ ನೋಡಿ, ಹತ್ತರಿಂದ ಗುಣಿಸಿ. ಅಂದಾಜು ಸಿಕ್ಕಿತು. ಅದೇ ಜಾಗದಲ್ಲಿ ನಿಂತು ಮೂರು ವರ್ಷ ಎಣಿಸಿದರೆ ನಿಮ್ಮ ಪುಸ್ತಕದಲ್ಲಿ ಇರುವುದು ಬೇರೆಲ್ಲೂ ಸಿಗದ ಮಾಹಿತಿ.

ಮನೆಯಲ್ಲೇ ಇದ್ದರೆ?

ಎಲ್ಲ ರವಿವಾರವೂ ತಿರುಗಾಡಲು ದುಡ್ಡಿರುವುದಿಲ್ಲ, ಮನೆಯಲ್ಲಿ ಬಿಡುವುದೂ ಇಲ್ಲ. ಆಗ ಅಂಗಳದಲ್ಲಿ ಮಳೆ ಅಳೆಯಿರಿ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ಸಪಾಟು ತಳದ ಡಬ್ಬಿಯನ್ನು ಬಯಲಿನಲ್ಲಿಟ್ಟು, ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರ ನೋಡಿ ಚೆಲ್ಲಬೇಕು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು.

ನಮ್ಮ ಅವಳಿನಗರ ಇಂಥ ಪ್ರಯೋಗಕ್ಕೆ ಹೇಳಿ ಮಾಡಿಸಿದ ಜಾಗ. ಪಡುವಣಕ್ಕೆ ಕಲಘಟಗಿ, ಅಳ್ನಾವರ ದಾಟಿದರೆ ಮಲೆನಾಡು. ಮೂಡಣಕ್ಕೆ ನವಲಗುಂದದ ಎರೆಭೂಮಿ. ಮುಂಗಾರಿನ ಮೋಡಗಳು ಘಟ್ಟ ಏರುವಾಗಲೇ ಬಹುಪಾಲು ನೀರು ಸುರಿಸಿಬಿಡುವುದರಿಂದ ಮೂಡಣಕ್ಕೆ ಸರಿದಂತೆ ಮಳೆ ಕಡಿಮೆ. ಅಳ್ನಾವರದ ಗೆಳತಿ, ಧಾರವಾಡದ ನೀವು, ನವಲಗುಂದದ ಗೆಳೆಯ, ಮೂವರೂ ಒಂದೇ ಬಗೆಯ ಡಬ್ಬಿ ಇಟ್ಟರೆ ಈ ಪಾಠ ನಿಮ್ಮ ಕಣ್ಣೆದುರೇ ನಡೆಯುತ್ತದೆ.

ಅಳತೆಯ ಪಕ್ಕದಲ್ಲಿ ಮಳೆಯ ಹೆಸರನ್ನೂ ಬರೆಯಿರಿ. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ಹಾದುಹೋಗುತ್ತಾನೆಂಬ ಲೆಕ್ಕದಲ್ಲಿ ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ. ಮಿರಗ ಕೂಡುವುದು ಜೂನ್ 7ರ ಸುಮಾರಿಗೆ. ಆ ಮಳೆಯ ಬಗ್ಗೆ ಮನೆಯ ಅಜ್ಜಿ, ಓಣಿಯ ಹಿರಿಯರು ಏನನ್ನುತ್ತಾರೆ ಎಂದು ಕೇಳಿ. ಅವರು ಹೇಳಿದ್ದು ನಿಜವಾಯಿತೇ ಎಂದು ಡಬ್ಬಿ ನೋಡಿ ಹೇಳಿ. ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ನನಗೆ ಗೊತ್ತಿಲ್ಲ.

ದುಬಾರಿ ಡೈರಿ ಬೇಡ. ಕಳೆದ ವರ್ಷದ ನೋಟ್‌ಬುಕ್ಕಿನ ಖಾಲಿ ಹಾಳೆಗಳು ಸಾಕು. ದಿನಕ್ಕೆ ಐದು ಸಾಲು ಬರೆಯಿರಿ. ಒಂದು ದಿನ ತಪ್ಪಿದರೆ ಬೇಸರಪಟ್ಟು ಬಿಟ್ಟುಬಿಡಬೇಡಿ, ಮರುದಿನದಿಂದ ಮುಂದುವರಿಸಿ. ಖಾಸಗಿ ಮಾತುಗಳಿದ್ದರೆ ಅವು ನಿಮ್ಮವೇ, ಯಾರಿಗೂ ತೋರಿಸಬೇಕಿಲ್ಲ.

ನನ್ನ ಅಂಗಿಯ ಜೇಬಿನಲ್ಲಿ ಈಗ ಯಾವಾಗಲೂ ಒಂದು ಚಿಕ್ಕ ಪುಸ್ತಕ, ಒಂದು ಪೆನ್ಸಿಲ್ ಇರುತ್ತವೆ. ಅದರ ಮೊದಲ ಪುಟದಲ್ಲಿ ಬರೆದಿರುವುದು ಆಯಿ ಹೇಳಿದ ಆ ಒಂದು ಸಾಲು. ಇವತ್ತು ರಾತ್ರಿ ಮಲಗುವ ಮುನ್ನ ನೀವೂ ದಿನಾಂಕ ಹಾಕಿ ಶುರುಮಾಡಿ.