ಹೊಸ ದೋಣಿಗೆ ಯಾವ ‘ಎಕ್ಸ್‌ಟ್ರಾ’ ಬೇಕು, ಯಾವುದು ಬೇಡ?



ಹೊಲಿಗೆ ಮೆಷಿನು, ಹಿಟ್ಟಿನ ಗಿರಣಿ, ಕೋಳಿ ಸಾಕಣೆ ಇವೆಲ್ಲ ನಮ್ಮ ಸಂಘಗಳಿಗೆ ಹೊಸತಲ್ಲ. ಈಗ ಹೊಳೆಬದಿಯ ಸಂಘದವರು ಬೇರೊಂದು ಪ್ರಶ್ನೆ ಕೇಳುತ್ತಾರೆ: “ಪ್ರವಾಸಿಗರನ್ನು ಹಿನ್ನೀರಿನಲ್ಲಿ ಸುತ್ತಿಸಲಿಕ್ಕೆ ನಾವೇ ಒಂದು ದೋಣಿ ಮಾಡಿಸಿದರೆ ಹೇಗೆ?” ಆಸೆ ತಪ್ಪಲ್ಲ. ಮಹಾರಾಷ್ಟ್ರದ ವೆಂಗುರ್ಲದಲ್ಲಿ ಸ್ವಾಮಿನಿ ಎಂಬ ಮಹಿಳಾ ಸಂಘದವರು ತಾವೇ ಹುಟ್ಟು ಹಾಕಿ ಪ್ರವಾಸಿಗರಿಗೆ ಕಾಂದ್ಲಾ ಕಾಡು ತೋರಿಸುತ್ತಾ ಬಂದಿದ್ದಾರೆ.

ಆದರೆ ಮೋಟಾರು ಹಾಕಿದ ಪೊಂಟೂನ್ ದೋಣಿಗೆ ಆರ್ಡರ್ ಕೊಡಲು ಹೋದಾಗ ತಯಾರಕರು ಒಂದು ಉದ್ದದ ಪಟ್ಟಿ ಮುಂದಿಡುತ್ತಾರೆ. ಸೋಫಾ, ಚಾವಣಿ, ಬಣ್ಣದ ದೀಪ, ಹಾಡಿನ ಪೆಟ್ಟಿಗೆ, ಮೇಲ್ಮಹಡಿ, ಏಣಿ, ಹೀಗೆ. ಎಲ್ಲವೂ ಚಂದ ಕಾಣುತ್ತದೆ. ಯಾವುದನ್ನು ಆರಿಸಬೇಕು? ಈ ಸಲ ಅದನ್ನೇ ನೋಡೋಣ.

ಪೊಂಟೂನ್ ತೇಲುವುದು ಹೇಗೆ?

ಬಾಯಿ ಮುಚ್ಚಿದ ಖಾಲಿ ಕೊಡಪಾನವನ್ನು ಬಾವಿಗೆ ಹಾಕಿದರೆ ಮುಳುಗುವುದಿಲ್ಲ. ಪೊಂಟೂನ್ ದೋಣಿಯದ್ದೂ ಅದೇ ಕಥೆ. ಗಾಳಿ ತುಂಬಿದ ಎರಡು ಉದ್ದನೆಯ ಕೊಳವೆಗಳು, ಅವುಗಳ ಮೇಲೆ ಒಂದು ಸಮತಟ್ಟಾದ ಹಲಗೆ. ಕೊಳವೆ ಎಷ್ಟು ನೀರನ್ನು ಸರಿಸುತ್ತದೋ ಅಷ್ಟೇ ಭಾರ ಹೊರುತ್ತದೆ.

ಒಂದು ಉದಾಹರಣೆ ಲೆಕ್ಕ ಮಾಡೋಣ. ಕೊಳವೆ 6 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ಇದೆ ಎಂದಿಟ್ಟುಕೊಳ್ಳಿ. ಪೂರ್ತಿ ಮುಳುಗಿದರೆ ಒಂದು ಕೊಳವೆ ಸುಮಾರು 1,700 ಕೆ.ಜಿ. ಹೊರುತ್ತದೆ, ಎರಡು ಸೇರಿ 3,400 ಕೆ.ಜಿ. ಆದರೆ ಪೂರ್ತಿ ಮುಳುಗುವಷ್ಟು ಹೇರಲಿಕ್ಕೆ ಆಗುತ್ತದಾ? ಇಲ್ಲ. ಕೊಳವೆ ಅರ್ಧದಷ್ಟು ಮೇಲೆ ಇರಲಿ ಎಂದರೆ ನಮಗೆ ಸಿಗುವುದು 1,700 ಕೆ.ಜಿ. ಮಾತ್ರ. ಅದರಲ್ಲಿ ದೋಣಿ ಮತ್ತು ಮೋಟಾರಿನ ಭಾರ 900 ಕೆ.ಜಿ. ಕಳೆದರೆ ಉಳಿಯುವುದು 800. ಒಬ್ಬರಿಗೆ 75 ಕೆ.ಜಿ. ಎಂದರೆ ಹತ್ತು ಮಂದಿ.

ಈಗ ದಪ್ಪ ಸೋಫಾ, ಭಾರದ ಚಾವಣಿ, ಹಾಡಿನ ಪೆಟ್ಟಿಗೆ, ಅದಕ್ಕೊಂದು ಬ್ಯಾಟರಿ, ಎಲ್ಲ ಸೇರಿ 200 ಕೆ.ಜಿ. ಹಾಕಿಸಿದಿರಿ. ಉಳಿದದ್ದು 600. ಅಂದರೆ ಎಂಟೇ ಮಂದಿ. ಪ್ರತಿ ಟ್ರಿಪ್ಪಿನಲ್ಲೂ ಎರಡು ಟಿಕೆಟ್ ಹೋಯಿತು! ಸೋಫಾಕ್ಕೆ ಹಣ ಕೊಟ್ಟದ್ದು ಒಂದು ಸಲ, ನಷ್ಟ ದಿನಾಲೂ. ಆ ನಷ್ಟ ತುಂಬಿಸಲು ಹತ್ತು ಮಂದಿಯನ್ನೇ ಹತ್ತಿಸಿದರೆ ಅಪಾಯ ಅಲ್ಲಿಂದಲೇ ಶುರು.

ಆದ್ದರಿಂದ ಪಟ್ಟಿಯಲ್ಲಿರುವ ಪ್ರತಿ ವಸ್ತುವಿಗೂ ಎರಡು ಬೆಲೆ ಉಂಟು, ಒಂದು ರೂಪಾಯಿಯಲ್ಲಿ, ಇನ್ನೊಂದು ಕೆ.ಜಿ.ಯಲ್ಲಿ. ಎರಡನ್ನೂ ಕೇಳಿ ಬರೆದುಕೊಳ್ಳಿ.

ಮೊದಲೇ ಮಾಡಿಸಬೇಕಾದದ್ದು

ಕೆಲವನ್ನು ಆಮೇಲೆ ಸೇರಿಸುವುದು ಕಷ್ಟ. ಇವುಗಳಿಗೆ ಮೊದಲು ಹಣ ತೆಗೆದಿಡಿ.

1. ಕೊಳವೆಯೊಳಗೆ ಅಡ್ಡಗೋಡೆ. ಕಲ್ಲು ತಾಗಿ ಒಂದು ಕಡೆ ತೂತಾದರೆ ಆ ಭಾಗಕ್ಕೆ ಮಾತ್ರ ನೀರು ನುಗ್ಗಬೇಕು, ಇಡೀ ಕೊಳವೆಗೆ ಅಲ್ಲ.

2. ಮೂರನೆಯ ಕೊಳವೆ. ಹೆಚ್ಚು ಜನರನ್ನು ಕೂರಿಸುವ ಯೋಚನೆ ಇದ್ದರೆ ಮಾತ್ರ. ಹೊರುವ ಶಕ್ತಿ ಸುಮಾರು ಅರ್ಧದಷ್ಟು ಜಾಸ್ತಿಯಾಗುತ್ತದೆ, ಖರ್ಚೂ ಜಾಸ್ತಿ.

3. ಗಟ್ಟಿ ಕಟಾಂಜನ, ಚಿಲಕ ಇರುವ ಗೇಟು, ಹಿಂದೆ ಏಣಿ. ನೀರಿಗೆ ಬಿದ್ದವರನ್ನು ಏಣಿ ಇಲ್ಲದೆ ಮೇಲೆತ್ತುವುದು ಸುಲಭವಲ್ಲ.

4. ಉಪ್ಪುನೀರಿನ ರಕ್ಷಣೆ. ಅಳಿವೆಯಲ್ಲಿ ಉಪ್ಪುನೀರು ಬರುತ್ತದೆ. ಅಲ್ಯೂಮಿನಿಯಂ ಕೊಳವೆಯಾದರೆ ತಾನು ಸವೆದು ಕೊಳವೆಯನ್ನು ಉಳಿಸುವ ಲೋಹದ ತುಂಡುಗಳನ್ನು ಹಾಕಿಸಿ, ಸವೆದ ಹಾಗೆ ಬದಲಾಯಿಸಿ. ತಾಮ್ರ ಬೆರೆತ ಬಣ್ಣ ಮಾತ್ರ ಬಳಿಸಬೇಡಿ, ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

5. ಜಾರದ ನೆಲ. ಕಾರ್ಪೆಟ್ ಒದ್ದೆಯಾದರೆ ಬೇಗ ಒಣಗುವುದಿಲ್ಲ, ನಮ್ಮ ಮಳೆಗೆ ವಾಸನೆ ಬರುತ್ತದೆ. ತೊಳೆಯಲು ಬರುವ ಒರಟು ನೆಲವೇ ಒಳ್ಳೆಯದು.

ಮೋಟಾರಿನ ವಿಷಯದಲ್ಲೂ ವಿಚಾರಿಸಿ. ಫೋರ್ ಸ್ಟ್ರೋಕ್ ಮೋಟಾರಿಗೆ ಬೆಲೆ ಹೆಚ್ಚು, ಆದರೆ ಹಳೆಯ ಟೂ ಸ್ಟ್ರೋಕಿಗಿಂತ ಇಂಧನ ಕಡಿಮೆ, ಹೊಗೆಯೂ ಕಡಿಮೆ. ರಿಪೇರಿ ಮಾಡುವವರು ಹತ್ತಿರ ಇದ್ದಾರಾ ಎಂದು ಕೇಳದೆ ಕೊಳ್ಳಬೇಡಿ. ಚಾಲಕರು ಬಿದ್ದರೆ ಮೋಟಾರು ನಿಲ್ಲಿಸುವ ಹಗ್ಗದ ಸ್ವಿಚ್ ಇರಲೇಬೇಕು.

ಆಮೇಲೆ ನೋಡಬಹುದಾದದ್ದು

ಬಿಸಿಲಿಗೆ ನೆರಳು ಬೇಕೇ ಬೇಕು. ಆದರೆ ಹಗುರವಾದ, ಮಡಚುವ ಬಟ್ಟೆಯ ಚಾವಣಿ ಸಾಕು, ಗಾಳಿ ಎದ್ದಾಗ ಇಳಿಸಲಿಕ್ಕೂ ಬರುತ್ತದೆ. ಸೋಫಾ ಬದಲು ಹಗುರದ ಬೆಂಚು ಸಾಕು. ಬಣ್ಣದ ದೀಪ, ಹಾಡಿನ ಪೆಟ್ಟಿಗೆ ಇವೆಲ್ಲ ಒಂದು ವರ್ಷದ ದುಡಿಮೆ ನೋಡಿ ಲಾಭದಿಂದ ಹಾಕಿಸಿದರಾಯಿತು. ಸಾಲದಲ್ಲಿ ಹಾಕಿಸಿದರೆ ಅದಕ್ಕೂ ಬಡ್ಡಿ ಕಟ್ಟಬೇಕು. ಮಳೆಗಾಲದಲ್ಲಿ ದೋಣಿ ದಡದಲ್ಲಿ ಕೂತರೂ ಕಂತು ಕೂರುವುದಿಲ್ಲ, ಮರೆಯಬೇಡಿ.

ಬೇಡವೇ ಬೇಡ ಎನ್ನಬೇಕಾದದ್ದು

ಸಣ್ಣ ದೋಣಿಗೆ ಮೇಲ್ಮಹಡಿ. ಮೇಲೆ ಭಾರ ಹೆಚ್ಚಿದಷ್ಟೂ ದೋಣಿ ವಾಲುವುದು ಸುಲಭ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಮಂದಿ ತೀರಿಹೋದರು. 2023ರ ಮೇ 7ರಂದು ಅಲ್ಲಿಯದೇ ತಾನೂರಿನಲ್ಲಿ ಮತ್ತೆ ಎರಡಂತಸ್ತಿನ ದೋಣಿ ಮಗುಚಿ 22 ಮಂದಿ ಹೋದರು, ಅವರಲ್ಲಿ ಮಕ್ಕಳೂ ಇದ್ದರು. ಅದು ಮೀನುಗಾರಿಕೆ ದೋಣಿಯನ್ನು ಬದಲಾಯಿಸಿ ಮಾಡಿದ್ದು, ಮಿತಿಗಿಂತ ಹೆಚ್ಚು ಜನರೂ ಅದರಲ್ಲಿ ಇದ್ದರು. ಟಿಕೆಟ್ ಕೊಡುವ ಕೈ ನಮ್ಮದಾದ ಮೇಲೆ ಈ ಎರಡು ದಿನಗಳು ನಮಗೆ ನೆನಪಿರಬೇಕು.

ಲೈಫ್ ಜಾಕೆಟ್, ಲೈಫ್ ಬಾಯ್, ಬೆಂಕಿ ಆರಿಸುವ ಸಿಲಿಂಡರ್, ಲಂಗರು, ಹುಟ್ಟು ಇವು ‘ಎಕ್ಸ್‌ಟ್ರಾ’ ಅಲ್ಲವೇ ಅಲ್ಲ. ತಲೆಗೊಂದು ಜಾಕೆಟ್ ಇರಬೇಕು, ಮಕ್ಕಳ ಅಳತೆಯವೂ ಇರಬೇಕು.

ಆರ್ಡರ್ ಕೊಡುವ ಮೊದಲು

ಮೂರು ಕಡೆ ಕೊಟೇಶನ್ ತೆಗೆದುಕೊಳ್ಳಿ. ಪ್ರತಿ ವಸ್ತುವಿನ ದರ ಬೇರೆ ಬೇರೆ ಬರೆಸಿಕೊಳ್ಳಿ. “ಒಟ್ಟು ಇಷ್ಟು” ಎಂಬ ಮಾತಿಗೆ ಒಪ್ಪಬೇಡಿ. ಯಾವುದು ಬೇಕು, ಯಾವುದು ಬೇಡ ಎಂದು ಎಲ್ಲ ಸದಸ್ಯರು ಕೂತು ತೀರ್ಮಾನಿಸಿ, ನಿರ್ಣಯ ಪುಸ್ತಕದಲ್ಲಿ ಬರೆದು ಸಹಿ ಮಾಡಿ. ಇಬ್ಬರು ಪ್ರತಿನಿಧಿಗಳು ಅಂಗಡಿಯಲ್ಲಿ ನಿಂತು ಮನಸ್ಸು ಬದಲಾಯಿಸುವಂತೆ ಆಗಬಾರದು.

2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರದ ದೋಣಿಗೆ ತಪಾಸಣೆ, ನೋಂದಣಿ, ವಿಮೆ ಬೇಕು. ಎಷ್ಟು ಮಂದಿಯನ್ನು ಹತ್ತಿಸಬಹುದು ಎಂಬುದಕ್ಕೆ ತಪಾಸಣೆಯವರು ಬರೆದುಕೊಟ್ಟ ಸಂಖ್ಯೆಯೇ ಕೊನೆ, ನಮ್ಮ ಮೇಲಿನ ಲೆಕ್ಕ ತಿಳಿದುಕೊಳ್ಳಲು ಮಾತ್ರ. ಮುಂಗಡ ಕೊಡುವ ಮೊದಲೇ ಬಂದರು ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ.

ಕೊನೆಯ ಕಂತನ್ನು ಕೈಯಲ್ಲೇ ಇಟ್ಟುಕೊಳ್ಳಿ. ಜನರ ಬದಲು ಅಷ್ಟೇ ತೂಕದ ಮರಳಿನ ಚೀಲ ಹೇರಿಸಿ, ದೋಣಿಯನ್ನು ನೀರಿನಲ್ಲಿ ಓಡಿಸಿ ತೋರಿಸಲಿ. ಕೊಳವೆ ಎಷ್ಟು ಮುಳುಗಿತು, ಒಂದು ಕಡೆ ವಾಲುತ್ತದಾ ಎಂದು ನೀವೇ ಕಣ್ಣಾರೆ ನೋಡಿ. ಆಮೇಲೆ ಹಣ.

ಮುಂದಿನ ಸಭೆಯಲ್ಲಿ ಚರ್ಚಿಸಿ: ನಮ್ಮ ಪಟ್ಟಿಯಲ್ಲಿ ಜೀವ ಉಳಿಸುವುದು ಯಾವುದು? ದುಡಿಮೆ ತರುವುದು ಯಾವುದು? ಬರೀ ಚಂದಕ್ಕೆ ಇರುವುದು ಯಾವುದು? ಈ ಕ್ರಮದಲ್ಲೇ ಹಣ ಖರ್ಚು ಮಾಡಿದರೆ ದೋಣಿಯೂ ತೇಲುತ್ತದೆ, ಸಂಘವೂ ತೇಲುತ್ತದೆ.