ಸೀಟು ಸಿಕ್ಕ ಮೇಲೆ: ತೆಲಿಗಿ ಸೀಮೆಯ ವಿಕಲಚೇತನ ವಿದ್ಯಾರ್ಥಿಗಳ ಮುಂದಿನ ಓದು

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯೂ, ನೆರೆಯ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳೂ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿದ್ದು, ಈ ಭಾಗದ ವಿಕಲಚೇತನ ವಿದ್ಯಾರ್ಥಿಗಳ ಓದಿಗೆ ನಿಜವಾದ ತೊಡಕು ಎದುರಾಗುವುದು ಶಾಲೆಯಲ್ಲಿ ಅಲ್ಲ, ಶಾಲೆ ಮುಗಿದ ಮೇಲೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಅದರಾಚೆಗೆ ಅದು ಕೊಡುವುದು ಮುಖ್ಯವಾಗಿ ಸೀಟು. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇ. 5ಕ್ಕೆ ಕಡಿಮೆಯಿಲ್ಲದಷ್ಟು ಸೀಟುಗಳನ್ನು ಇವರಿಗೆ ಮೀಸಲಿಡಬೇಕು, ಪ್ರವೇಶದ ಗರಿಷ್ಠ ವಯಸ್ಸಿನಲ್ಲಿ 5 ವರ್ಷದ ಸಡಿಲಿಕೆಯನ್ನೂ ನೀಡಬೇಕು. 1995ರ ಹಳೆಯ ಕಾಯ್ದೆ ಗುರುತಿಸಿದ್ದ 7 ಬಗೆಯ ವೈಕಲ್ಯಗಳು ಹೊಸ ಕಾಯ್ದೆಯಲ್ಲಿ 21 ಆಗಿರುವುದರಿಂದ ಕಲಿಕಾ ನ್ಯೂನತೆ, ಆಟಿಸಂ, ತಲಸ್ಸೇಮಿಯಾ, ಕುಡುಗೋಲು ಕಣ ರಕ್ತಹೀನತೆ ಮುಂತಾದವು ಉಳ್ಳವರೂ ಇದರ ವ್ಯಾಪ್ತಿಗೆ ಬಂದಿದ್ದಾರೆ.

ಈ ಸವಲತ್ತುಗಳ ಬಾಗಿಲಲ್ಲಿ ನಿಂತಿರುವುದು 40 ಎಂಬ ಅಂಕಿ. ವೈಕಲ್ಯದ ಪ್ರಮಾಣ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದೆಯೆಂದು ವೈದ್ಯಕೀಯ ಪ್ರಾಧಿಕಾರ ದೃಢೀಕರಿಸಿದರೆ ಅದನ್ನು ಕಾಯ್ದೆಯು ಮಾನದಂಡದ ವೈಕಲ್ಯ ಎಂದು ಕರೆಯುತ್ತದೆ, ಮೀಸಲಾತಿಯೂ ವಿದ್ಯಾರ್ಥಿವೇತನವೂ ಅಲ್ಲಿಂದಲೇ ಆರಂಭವಾಗುತ್ತವೆ. ಯುಡಿಐಡಿ ಎಂದು ಎಲ್ಲರೂ ಕರೆಯುವ ಗುರುತಿನ ಚೀಟಿಯಲ್ಲಿ ಈ ಪ್ರಮಾಣ ಅಚ್ಚಾಗಿರುತ್ತದೆ. ಅದರ ಅರ್ಜಿ ತುಂಬಿಸುವುದರಿಂದ ಹಿಡಿದು ಅನೇಕ ಕೆಲಸಗಳಿಗೆ ನೆರವಾಗಲೆಂದೇ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಆದರೆ ಅಂಕಿಯೊಂದೇ ಕೊನೆಯ ಮಾತಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ಸಮಸ್ಯೆಯಿದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ, ಶೇ. 40ರ ಗೆರೆ ಮುಟ್ಟದವರಿಗೂ ಪರೀಕ್ಷೆಯಲ್ಲಿ ಲಿಪಿಕಾರರ, ಅಂದರೆ ಕೈಯಿಂದ ಬರೆಯಲಾಗದವರು ಹೇಳಿದ್ದನ್ನು ಬರೆದುಕೊಳ್ಳುವವರ, ನೆರವು ಸಲ್ಲಬೇಕೆಂದು ಹೇಳಿತು. ವೈದ್ಯಕೀಯ ಪ್ರವೇಶದ ಪ್ರಕರಣವೊಂದರಲ್ಲಿ 2024ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ, ಪ್ರಮಾಣ ಹೆಚ್ಚಿದೆಯೆಂಬ ಕಾರಣಕ್ಕಷ್ಟೇ ಸೀಟು ನಿರಾಕರಿಸಲಾಗದು, ಆ ವಿದ್ಯಾರ್ಥಿ ಕೋರ್ಸನ್ನು ನಡೆಸಿಕೊಂಡು ಹೋಗಬಲ್ಲನೇ ಎಂಬುದನ್ನು ವೈದ್ಯರು ಪರಿಶೀಲಿಸಬೇಕು ಎಂದಿತು.

ಓದಿಗೆ ಹೋಗುವುದಾದರೂ ಎಲ್ಲಿಗೆ ಎಂಬ ಪ್ರಶ್ನೆಗೆ ಈ ಸೀಮೆಯ ಉತ್ತರ ಹಲವು ದಿಕ್ಕಿಗೆ ಚದುರಿದೆ. ಅಂಧ ಮಕ್ಕಳ ಸರ್ಕಾರಿ ಶಾಲೆ ದಾವಣಗೆರೆಯಲ್ಲಿದೆ, ಕಿವುಡ ಮಕ್ಕಳದು ಬಳ್ಳಾರಿಯಲ್ಲಿದೆ. ತುಂಗಭದ್ರೆಯ ಆಚೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರಿ ಗವಾಯಿಗಳ ಕಾಲದಿಂದಲೂ, ಬಳಿಕ 2010ರಲ್ಲಿ ನಿಧನರಾದ ಪುಟ್ಟರಾಜ ಗವಾಯಿಗಳ ಆಶ್ರಯದಲ್ಲಿಯೂ ಅಂಧರಿಗೆ ಸಂಗೀತ ವಿದ್ಯೆಯನ್ನು ಅನ್ನದೊಡನೆ ನೀಡುತ್ತ ಬಂದಿದೆ. ಗುರು ಶಿಷ್ಯರಿಬ್ಬರೂ ಸ್ವತಃ ಅಂಧರಾಗಿದ್ದರು ಎಂಬುದನ್ನು ನೆನೆದರೆ ಕಾಯ್ದೆಗಳಿಗಿಂತ ಎಷ್ಟೋ ಮೊದಲೇ ಈ ಭಾಗದಲ್ಲಿ ವಿಕಲಚೇತನರ ವಿದ್ಯಾಸಂಸ್ಥೆ ಬೇರೂರಿತ್ತು ಎಂಬುದು ಸ್ಪಷ್ಟವಾಗುತ್ತದೆ. ಹಾಡು ಒಲಿಯದವರಿಗೆ, ಒಲ್ಲದವರಿಗೆ ಇರುವುದು ಸಾಮಾನ್ಯ ಕಾಲೇಜುಗಳೇ: ಹರಪನಹಳ್ಳಿ, ಕೊಟ್ಟೂರು, ಹಡಗಲಿಗಳ ಪದವಿ ಕಾಲೇಜುಗಳು, ಹಡಗಲಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಸಂಶೋಧನೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಕಿವುಡರು, ಅಂಧರು, ಚಲನ ವೈಕಲ್ಯವುಳ್ಳವರು ಒಂದೇ ಆವರಣದಲ್ಲಿ ಡಿಪ್ಲೊಮಾ ಓದಬಹುದಾದ ಜೆಎಸ್‌ಎಸ್ ಪಾಲಿಟೆಕ್ನಿಕ್ ಮೈಸೂರಿನಲ್ಲಿದ್ದು, ಅದು ಆರಂಭವಾದದ್ದು 1991ರಲ್ಲಿ. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದೆಂಬ ವಿಷಯ ಹಳ್ಳಿಯ ಪಾಲಕರಿಗೆ ತಡವಾಗಿ ತಿಳಿಯುತ್ತದೆ.

ಸೀಟು ಸಿಕ್ಕ ಮೇಲೆ ಪರೀಕ್ಷೆಯ ಮಾತು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷದಂತೆ ಹೆಚ್ಚುವರಿ ಕಾಲ ದೊರೆಯುತ್ತದೆ, ಅಂದರೆ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯದಾಗುತ್ತದೆ. ವಿದ್ಯಾರ್ಥಿಯೇ ಲಿಪಿಕಾರನನ್ನು ಕರೆತರುವುದಾದರೆ ಆತನ ವಿದ್ಯಾರ್ಹತೆ ಒಂದು ಹಂತ ಕೆಳಗಿರಬೇಕು. ಕಾಗದದ ಮೇಲೆ ನ್ಯಾಯವಾಗಿಯೇ ಕಾಣುವ ಈ ನಿಯಮ ಸಣ್ಣ ಊರಿನಲ್ಲಿ ಹೇಗೆ ತಿರುಗುತ್ತದೆಂಬುದನ್ನು ನೋಡಬೇಕು: ಪದವಿ ವಿದ್ಯಾರ್ಥಿಗೆ ಬರೆಯುವವನು ಪಿಯುಸಿಯ ಹುಡುಗ, ಅವನಿಗೆ ಅರ್ಥಶಾಸ್ತ್ರದ ಪಾರಿಭಾಷಿಕ ಪದಗಳು ಹೊಸವು, ರಾಜ್ಯಶಾಸ್ತ್ರದ ಹೆಸರುಗಳು ಅಪರಿಚಿತ, ಪ್ರತಿ ಪದದ ಕಾಗುಣಿತವನ್ನು ಹೇಳಿಕೊಡುವುದರಲ್ಲಿ ಆ ಹೆಚ್ಚುವರಿ ಗಂಟೆ ಕರಗಿಹೋಗುತ್ತದೆ. ಎಲ್ಲರ ಪರೀಕ್ಷೆಗಳೂ ಬೇಸಿಗೆಯ ಆಸುಪಾಸಿನಲ್ಲೇ ಬರುವುದರಿಂದ ಅಂಥ ಹುಡುಗನನ್ನು ಹುಡುಕುವುದೇ ಒಂದು ಪರೀಕ್ಷೆಯಾಗುತ್ತದೆ.

ಇದಕ್ಕಿಂತ ಆಳದ ತೊಡಕು ಪುಸ್ತಕದ್ದು. ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ನೆಲೆಗೊಂಡಿತು. ಅದರಲ್ಲಿ ಕನ್ನಡದ ಕ ಅಕ್ಷರಕ್ಕೆ ಎಡಸಾಲಿನ ಮೇಲಿನದೂ ಕೆಳಗಿನದೂ ಆದ ಎರಡು ಚುಕ್ಕಿ, ಒತ್ತಕ್ಷರವನ್ನು ಕೆಳಗೆ ಬರೆಯುವ ಪ್ರಶ್ನೆಯೇ ಇಲ್ಲ. ಆದರೆ ಪದವಿ ತರಗತಿಗಳ ಕನ್ನಡ ಪಠ್ಯಗಳು ಬ್ರೈಲ್‌ನಲ್ಲಿ ಸಿಗುವುದು ಅಪರೂಪವಾದ್ದರಿಂದ ವಿದ್ಯಾರ್ಥಿಗಳು ಸ್ಕ್ರೀನ್ ರೀಡರನ್ನು, ಎಂದರೆ ಪರದೆಯ ಮೇಲಿನ ಅಕ್ಷರಗಳನ್ನು ದನಿಯಾಗಿ ಓದಿ ಹೇಳುವ ತಂತ್ರಾಂಶವನ್ನು ನೆಚ್ಚುತ್ತಾರೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊದಲುಗೊಂಡ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಯುನಿಕೋಡ್ ಕನ್ನಡವನ್ನು ಓದಬಲ್ಲದು. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಟಿಪ್ಪಣಿಗಳ ಕಥೆ ಬೇರೆ: ಅಲ್ಲಿ ‘ಕನ್ನಡ’ ಎಂಬ ಪದ ಕಣ್ಣಿಗೆ ಕನ್ನಡವಾಗಿಯೇ ಕಂಡರೂ, ಕಡತದೊಳಗೆ ಅದು ಪಿ ಎಂಬ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡ್ ಹಣದ ಚಿಹ್ನೆ ಹೀಗೆ ಉಳಿದಿರುತ್ತದೆ, ತಂತ್ರಾಂಶ ಅದನ್ನೇ ನಿಷ್ಠೆಯಿಂದ ಒದರುತ್ತದೆ. ಕಡತವನ್ನು ಯುನಿಕೋಡಿಗೆ ಪರಿವರ್ತಿಸಿ ಕೊಡಲು ಕಾಲೇಜಿನ ಅಧ್ಯಾಪಕರಿಗೆ ಬೇಕಾದದ್ದು ಕೆಲವೇ ನಿಮಿಷ. ಸರ್ಕಾರ ಕೊಡುವ ಮಾತಾಡುವ ಲ್ಯಾಪ್‌ಟಾಪಿಗೆ ನಿಜವಾದ ಬೆಲೆ ಬರುವುದು ಆ ನಿಮಿಷಗಳಿಂದ. 2016ರ ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲಿ 340ನೆಯ ಸ್ಥಾನ ಪಡೆದ ದೃಷ್ಟಿಹೀನ ಕನ್ನಡಿಗ ಕೆಂಪಹೊನ್ನಯ್ಯನವರೂ ಪಠ್ಯವನ್ನು ಮನೆಯವರಿಂದ ಓದಿಸಿ, ಧ್ವನಿಮುದ್ರಿಸಿಕೊಂಡು ಕೇಳಿದವರು.

ಹಣಕಾಸಿನ ನೆರವು ಇಷ್ಟು ಜಟಿಲವಲ್ಲ. 9 ಮತ್ತು 10ನೆಯ ತರಗತಿಗೆ ಮೆಟ್ರಿಕ್ ಪೂರ್ವ, ಪಿಯುಸಿಯಿಂದ ಸ್ನಾತಕೋತ್ತರದವರೆಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳು ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ದೊರೆಯುತ್ತವೆ, ಇವೆರಡಕ್ಕೂ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಸಂಶೋಧನೆಗೂ ವಿದೇಶ ವ್ಯಾಸಂಗಕ್ಕೂ ಬೇರೆ ಯೋಜನೆಗಳಿವೆ. ಹರಪನಹಳ್ಳಿಯವರು ಇನ್ನೊಂದು ಕಾಗದವನ್ನೂ, ಅಂದರೆ ತಾವು ಸ್ಥಳೀಯರೆಂಬ ಪ್ರಮಾಣಪತ್ರವನ್ನೂ ಜೋಪಾನ ಮಾಡಬೇಕು. 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರದಲ್ಲಿರುವ ಈ ತಾಲ್ಲೂಕಿಗೆ ಸಂವಿಧಾನದ 371ಜೆ ವಿಧಿಯ ಸೌಲಭ್ಯ ದೊರೆತಿದ್ದು, ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ಉಳಿದೆಡೆ ಶೇ. 8 ಸೀಟುಗಳಿಗೆ ಸ್ಥಳೀಯರು ಅರ್ಹರು. ವೈಕಲ್ಯದ ಮೀಸಲಾತಿ ಸಮತಲ ಮೀಸಲಾತಿ, ಅಂದರೆ ಜಾತಿವಾರು ವರ್ಗಗಳನ್ನೆಲ್ಲ ಅಡ್ಡಲಾಗಿ ಹಾದುಹೋಗುವಂಥದು. ಆದ್ದರಿಂದ ಒಂದು ಪ್ರಮಾಣಪತ್ರ ಇದ್ದವರು ಇನ್ನೊಂದನ್ನು ಬಿಡಬೇಕಾಗಿಲ್ಲ.

ಇನ್ನು ಪ್ರಯಾಣ. ವಿಕಲಚೇತನರ ರಿಯಾಯಿತಿ ಬಸ್ ಪಾಸು ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ ಸಲ್ಲುತ್ತದೆ. ದಾವಣಗೆರೆ, ಹೊಸಪೇಟೆ ಅದರೊಳಗೆ ಬೀಳುತ್ತವೆ, ಮೈಸೂರಿನ ಪಾಲಿಟೆಕ್ನಿಕ್ ಬೀಳುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಈ ಗಡಿಯೂ ಉಳಿದಿಲ್ಲ. ಕ್ಯಾಲಿಪರ್ ತೊಟ್ಟ ಹುಡುಗಿಗಾಗಲಿ, ಊರುಗೋಲಿನ ಹುಡುಗನಿಗಾಗಲಿ ಆ ಬಸ್ಸುಗಳ ಮೊದಲ ಮೆಟ್ಟಿಲು ಮಾತ್ರ ಇನ್ನೂ ಮೊಣಕಾಲೆತ್ತರದಲ್ಲೇ ಇದೆ.