ರದ್ದಿ ಕಾಗದಕ್ಕೆ ಕೌದಿ ಹೊಲಿಗೆ!

ತುಮಕೂರಿನ ಯಾವ ಅಂಗಡಿಗೆ ಹೋಗಿ, ಗಲ್ಲಾಪೆಟ್ಟಿಗೆ ಪಕ್ಕದಲ್ಲೊಂದು ಕಾಗದದ ರಾಶಿ ಇದ್ದೇ ಇರುತ್ತದೆ. ಹಳೇ ಬಿಲ್ಲು, ಹೋದ ವರ್ಷದ ಕ್ಯಾಲೆಂಡರು, ಲಗ್ನಪತ್ರಿಕೆ, ಊದುಬತ್ತಿ ಪೊಟ್ಟಣ. ತೂಕಕ್ಕೆ ಹಾಕಿದರೆ ನಾಲ್ಕು ಕಾಸು. ಅದನ್ನೇ ಹರಿದು, ಅಂಟಿಸಿ, ಸೂಜಿ ದಾರದಿಂದ ಹೊಲಿದರೆ ಗೋಡೆಗೆ ಹಾಕೋ ಚಿತ್ರ. ಚಿತ್ರಕಾರರು ಇದಕ್ಕೆ ಕೊಲಾಜ್ ಅಂತಾರೆ.

'ರದ್ದಿ ಹೊಲಿಯೋದೂ ಒಂದು ಕಲೆಯೇನ್ರೀ?' ಎಂದು ಮೂಗು ಮುರಿಯಬೇಡಿ. 1912ರಲ್ಲಿ ಫ್ರಾನ್ಸಿನಲ್ಲಿ ಪಿಕಾಸೋ, ಬ್ರಾಕ್‌ರಂಥ ಘಟಾನುಘಟಿಗಳೇ ಚಿತ್ರಕ್ಕೆ ಕಾಗದದ ತುಂಡು ಅಂಟಿಸಿದರು. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ ಕಣ್ಣು ಪೂರ್ತಿ ಕಳೆದುಕೊಂಡ ಮೇಲೂ ಬಣ್ಣದ ಕಾಗದ ಕತ್ತರಿಸಿ ಚಿತ್ರ ಮಾಡಿದರು. ಕಣ್ಣಿಗೆ ಕಾಣದ್ದು ಕೈಗೆ ಗೊತ್ತಿತ್ತು.

ಕೌದಿ ಹೊಲಿದ ನಮ್ಮ ಅಜ್ಜಿಯರ ಕೈಗೂ ಅದು ಗೊತ್ತಿತ್ತು. ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ. ಹಳೇ ಸೀರೆ, ಪಂಚೆ, ಮಗುವಿನ ಅಂಗಿ ತುಂಡು ಯಾವುದರ ಪಕ್ಕ ಒಪ್ಪುತ್ತದೋ ಅಲ್ಲಿಗೆ ಸೇರಿಸುತ್ತಿದ್ದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ, ಸುತ್ತುತ್ತ ಹೊಲಿದು ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ!

ಕಾಗದಕ್ಕೂ ಇದೇ ಕ್ರಮ ಸಾಕು. ಆದರೆ ಬರೀ ಕಾಗದ ಹೊಲಿದರೆ ಹರಿಯುತ್ತದೆ. ಕೆಳಗೆ ಹಳೇ ಹತ್ತಿಬಟ್ಟೆ ಇರಲಿ. ತುಂಡುಗಳನ್ನು ಮೊದಲು ಸುಮ್ಮನೆ ಹರವಿ, ಅತ್ತಿತ್ತ ಸರಿಸಿ ನೋಡಿ. ಮನಸ್ಸಿಗೆ ಒಪ್ಪಿದ ಮೇಲೆ ಮೈದಾ ಅಂಟನ್ನು ತೆಳ್ಳಗೆ ಸವರಿ. ಪೂರ್ತಿ ಒಣಗುವವರೆಗೆ ಸೂಜಿ ಮುಟ್ಟಬೇಡಿ. ದಾರವಿಲ್ಲದ ಸೂಜಿಯಿಂದ ಕಾಲಂಗುಲಕ್ಕೊಂದು ತೂತು ಮಾಡಿಕೊಂಡು ಆಮೇಲೆ ಹೊಲಿಯಿರಿ. ತೂತು ತೀರಾ ಒತ್ತೊತ್ತಾದರೆ ಅಂಚೆ ಚೀಟಿಯ ಹಾಳೆಯಂತೆ ಕಿತ್ತು ಬರುತ್ತದೆ.

ಕುಣಿಗಲ್ಲಿನಿಂದ ದಿನಾ ಬಸ್ಸಿಗೆ ಬರುವವರಿಗೊಂದು ಮಾತು. ಮೆಷಿನ್ನಿನ ಟಿಕೆಟ್ಟು ಶಾಖದಿಂದ ಅಕ್ಷರ ಮೂಡಿಸುವ ಕಾಗದ. ಬಿಸಿಲು ತಗುಲಿದರೆ ಮಾಸುತ್ತದೆ. 2023ರಲ್ಲಿ ಶಕ್ತಿ ಯೋಜನೆ ಬಂದಾಗಿನ ಸೊನ್ನೆ ಟಿಕೆಟ್ಟನ್ನು ನೆನಪಿಗೆಂದು ಇಟ್ಟುಕೊಂಡ ಅಕ್ಕತಂಗಿಯರು ಒಮ್ಮೆ ತೆಗೆದು ನೋಡಲಿ. ಅಕ್ಷರ ಉಳಿದಿದ್ದರೆ ಜೆರಾಕ್ಸ್ ಮಾಡಿಸಿ, ಅದನ್ನು ಹೊಲಿಯಲಿ.

ಗುಬ್ಬಿಯವರಿಗೂ ಒಂದು ಮಾತುಂಟು. 1884ರಲ್ಲಿ ನಿಮ್ಮೂರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾದ ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು ಯಾರ ಟ್ರಂಕಿನಲ್ಲಾದರೂ ಇದ್ದರೆ, ದಯವಿಟ್ಟು ಕತ್ತರಿ ಹಾಕಬೇಡಿ. ಅದಕ್ಕೂ ಜೆರಾಕ್ಸೇ ಸರಿ. ಮೂಲ ಹರಿದರೆ ಇನ್ನೊಂದು ಹುಟ್ಟುವುದಿಲ್ಲ.

ಅಂಗಡಿಯಲ್ಲಿ ಬಣ್ಣಬಣ್ಣದ ಬ್ಲಾಂಕೆಟ್ಟು ಸಿಗುವ ಕಾಲದಲ್ಲಿ ಕೌದಿ ಹೊಲಿಯುವ ಗೊಡವೆ ಯಾರಿಗೆ ಬೇಕು? ಹೀಗಾಗಿ ಮನೆಯಲ್ಲಿ ಹೊಲಿಗೆ ಬಲ್ಲ ಅಜ್ಜಿಯಿದ್ದರೂ ಮೊಮ್ಮಕ್ಕಳಿಗೆ ಅದು ಬಂದಿಲ್ಲ. ಈ ಭಾನುವಾರ ಒಂದು ಹಿಡಿ ರದ್ದಿ, ಸೂಜಿ ದಾರ ಅಜ್ಜಿಯ ಮುಂದಿಟ್ಟು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ. ರದ್ದಿ ನಾಳೆಯೂ ಸಿಗುತ್ತದೆ. ಆ ಕೈ ಸಿಗಬೇಕಲ್ಲ!